ಅಂಬಾಸಿಡರ್‌ಗೆ ಹಳೆಯ ಎಂಜಿನ್ನೇ ಇರಲಾ, ಹೊಸದು ಕೂರಿಸಲಾ?

ಪ್ರಶ್ನೆ: ಸಕಲೇಶಪುರದ ನಮ್ಮ ಮನೆಯಲ್ಲಿ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರಿದೆ. ತಂದೆಯವರು ಹೊಸದರಲ್ಲೇ ಕೊಂಡದ್ದು. ಈಗ ನೀಲಿ ಹೊಗೆ ಬಿಡುತ್ತಿದೆ. ಶಿರಾಡಿ ಘಾಟಿ ಹತ್ತುವಾಗ ಬಿಸಿಯಾಗುತ್ತದೆ. ಬಿಸಿಯಲ್ಲಿ ಆಫ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗಲ್ಲ. ಪಿಕಪ್ ಇಲ್ಲ. ಹಾಸನದ ಒಬ್ಬ ಮೆಕ್ಯಾನಿಕ್ ಮೆಟಡೋರ್ ಡೀಸೆಲ್ ಎಂಜಿನ್ ಹಾಕೋಣ ಅಂತಾರೆ, ಇನ್ನೊಬ್ಬರು ಇಸುಜು ಹಾಕಿ ಅಂತಾರೆ. ಮಗ ಸ್ವಿಫ್ಟ್ ಎಂಜಿನ್ ಅಂತಾನೆ. ತಿಂಗಳಿಗೆ ಎರಡು ಮೂರು ಸಲ ಓಡಿಸುತ್ತೇವೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ಯಾವುದು ಸರಿ? ಎಂಜಿನ್ ಬದಲಾಯಿಸಿದರೆ ಹಳೆಯದನ್ನು ಮಾರಬಹುದಾ?

ಉತ್ತರ: ನಾನಾಗಿದ್ದರೆ ಇರುವ ಎಂಜಿನ್ನನ್ನೇ ಬಿಚ್ಚಿ ಸರಿ ಮಾಡಿಸುತ್ತಿದ್ದೆ. ಆದರೆ ಬಿಚ್ಚುವ ಮುಂಚೆ ಒಂದು ದಿನದ ತಪಾಸಣೆ ಬೇಕು. ನೀವು ಬರೆದ ನಾಲ್ಕು ದೂರುಗಳಲ್ಲಿ ಎಂಜಿನ್ನಿನ ಒಳಗಿನ ಸವೆತಕ್ಕೆ ನೇರವಾಗಿ ಬೆರಳು ತೋರಿಸುವುದು ನೀಲಿ ಹೊಗೆ ಒಂದೇ. ಉಳಿದ ಮೂರಕ್ಕೆ ಕಾರಣ ಹೊರಗೇ ಇರುವ ಸಾಧ್ಯತೆ ಜಾಸ್ತಿ. ಅವನ್ನು ನೋಡದೆ ಯಾವ ಎಂಜಿನ್ ಕೂರಿಸಿದರೂ ಅದೇ ರೇಡಿಯೇಟರ್, ಅದೇ ಪೆಟ್ರೋಲ್ ಪೈಪು, ಅದೇ ಹಿಡಿದುಕೊಂಡ ಬ್ರೇಕು ಹೊಸ ಎಂಜಿನ್ನಿಗೂ ಗಂಟು ಬೀಳುತ್ತವೆ.

ಮೊದಲ ಕೆಲಸಕ್ಕೆ ಪಾನಾ ಕೂಡ ಬೇಡ. ಆರ್‌ಸಿ ತೆಗೆದುಕೊಂಡು ಬ್ಲಾಕ್ (ಎಂಜಿನ್ನಿನ ಕಬ್ಬಿಣದ ಒಡಲು) ಮೇಲಿರುವ ಎಂಜಿನ್ ನಂಬರ್ ತಾಳೆ ನೋಡಿ. ಇಷ್ಟು ವರ್ಷ ಓಡಿದ ಅಂಬಾಸಿಡರ್‌ಗಳಲ್ಲಿ ಎಂಜಿನ್ ಒಮ್ಮೆ ಬದಲಾಗಿರುವುದು ಅಪರೂಪವಲ್ಲ. ಬೋರ್ ಮಾಡಿಸುವಷ್ಟು, ಅಂದರೆ ಸವೆದ ಸಿಲಿಂಡರ್ ಗೋಡೆ ಕೊರೆದು ಸಮ ಮಾಡಿಸುವಷ್ಟು, ಪುರುಸೊತ್ತಿಲ್ಲದೆ ಆ ಕಾಲದ ವರ್ಕ್‌ಶಾಪಿನವರು ರೆಡಿ ಇದ್ದ ಎಂಜಿನ್ ಕೂರಿಸಿ ಕಳಿಸುತ್ತಿದ್ದರು. ನಂಬರ್ ತಾಳೆಯಾದರೆ ಕೈಯಲ್ಲಿರುವುದು ತಂದೆಯವರು ಕೊಂಡ ಎಂಜಿನ್ನೇ. ಆಗದಿದ್ದರೆ ಕಾಗದದ ತಕರಾರು ಈಗಾಗಲೇ ನಿಮ್ಮ ಮನೆಯಲ್ಲಿದೆ ಎಂದರ್ಥ. ಹೊಸದೊಂದು ಸೇರಿಸುವ ಮೊದಲು ಅದನ್ನು ಬಿಡಿಸಿಕೊಳ್ಳಿ.

ಇನ್ನು ಹೊಗೆ. ಯಾವಾಗ ಬರುತ್ತದೆ ಎನ್ನುವುದೇ ಅರ್ಧ ಉತ್ತರ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಭರ್ತಿ ಬಂದು ನಿಂತುಹೋದರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಕೆಳಗೆ ಮತ್ತೆ ಒತ್ತಿದಾಗ ಬಂದರೆ, ಆಯಿಲ್ ಇಳಿಯುತ್ತಿರುವುದು ವಾಲ್ವ್ ಕಡ್ಡಿ ಆಡುವ ಕೊಳವೆಯಲ್ಲಿ, ಅಂದರೆ ವಾಲ್ವ್ ಗೈಡ್‌ನಲ್ಲಿ. ಅದು ಬರೀ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದ ಭಾಗ) ಕೆಲಸ, ಎಂಜಿನ್ ಕೆಳಗಿಳಿಸಬೇಕಾಗಿಲ್ಲ. ಏರಿನಲ್ಲಿ ಎಳೆಯುವಾಗ ಬಿಡದೆ ಹೊಗೆ ಬಂದರೆ, ಜೊತೆಗೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹಬೆ ಬಂದರೆ, ಪಿಸ್ಟನ್ ರಿಂಗ್ ಮತ್ತು ಬೋರ್ (ಪಿಸ್ಟನ್ ಆಡುವ ಸಿಲಿಂಡರ್ ಗೋಡೆ) ಸವೆದಿವೆ.

ಇದನ್ನು ಅಳೆದೇ ನೋಡಬಹುದು. ಎಂಜಿನ್ ಬಿಸಿ ಇರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಗೇಜ್ ಹಾಕಿ ನೋಡಬೇಕು. ನಾಲ್ಕರ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೆ ಹೋದರೆ ತಪ್ಪು ರಿಂಗ್‌ನದು, ಏಕೆಂದರೆ ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿತು. ಅಲ್ಲೇ ಇದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ. ಈ ಪರೀಕ್ಷೆ ಮಾಡದೆ “ಎಂಜಿನ್ ಹೋಯ್ತು ಸಾರ್” ಅನ್ನುವವರ ಮಾತಿಗೆ ಸುಮ್ನೆ ತಲೆ ಆಡಿಸಿ ಬನ್ನಿ, ದುಡ್ಡು ಕೊಡಬೇಡಿ.

ಘಾಟಿಯ ಬಿಸಿಗೆ ಬರೋಣ. ರೇಡಿಯೇಟರ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಕೊಳವೆಗಳು ಕಟ್ಟಿಕೊಂಡಿರುತ್ತವೆ. ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಸುರಿದಿದ್ದರಂತೂ ಕೇಳುವುದೇ ಬೇಡ. ಬ್ಲಾಕಿನ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರ್ ಸುತ್ತ, ತುಕ್ಕಿನ ಕೆಸರು ಕೂತಿರುತ್ತದೆ. ಮೇಲಿಂದ ನೀರು ಬಿಟ್ಟು ಕೆಳಗೆ ಹರಿಸಿದರೆ ಅದು ಬರುವುದಿಲ್ಲ. ಬ್ಲಾಕ್ ಪಕ್ಕದ ತಗಡಿನ ಪ್ಲಗ್ ಬಿಚ್ಚಿ, ಕಂಬಿ ಹಾಕಿ ಕೆದಕಿದಾಗ ಕಾಫಿ ಗಸಿಯಂಥ ಕಂದು ಕೆಸರು ಕಟ್ಟೆ ಒಡೆದು ಬರುತ್ತದೆ. ಎಂಜಿನ್ ಬಿಸಿಯಾಗುವವರೆಗೆ ನೀರು ತಡೆಯುವ ಥರ್ಮೋಸ್ಟಾಟ್ ಇದೆಯಾ ಎಂದೂ ನೋಡಿ. “ನಮ್ಮ ಸೆಕೆಗೆ ಇದ್ಯಾಕೆ” ಎಂದು ಕಿತ್ತು ಬಿಸಾಡುವುದು ನಮ್ಮಲ್ಲಿ ಹಳೇ ಚಾಳಿ. ಅದಿಲ್ಲದಿದ್ದರೆ ತಂಪಿನಲ್ಲಿ ಎಂಜಿನ್ ಹದ ಬಿಸಿಗೆ ಬರುವುದೇ ಇಲ್ಲ, ಆಯಿಲ್‌ನಲ್ಲಿ ನೀರಿನ ಪಸೆ ನಿಲ್ಲುತ್ತದೆ, ಬೋರ್ ಬೇಗ ಸವೆಯುತ್ತದೆ. ಸಕಲೇಶಪುರದ ಚಳಿಗಾಲದ ಬೆಳಿಗ್ಗೆಗಳಲ್ಲಿ ಓಡುವ ಕಾರಿಗೆ ಅದು ಬೇಕೇ ಬೇಕು. ಇಗ್ನಿಷನ್ ಟೈಮಿಂಗ್ (ಕಿಡಿ ಹೊಡೆಯುವ ಹೊತ್ತು) ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯಾಗುತ್ತದೆ, ಪಿಕಪ್ ಸಾಯುತ್ತದೆ. ಎರಡು ದೂರಿಗೆ ಒಂದೇ ಕಾರಣ ಇರಬಹುದು.

ಪಿಕಪ್ ವಿಷಯದಲ್ಲಿ ಇನ್ನೊಂದು. ನಾಲ್ಕೂ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ತಿಂಗಳಿಗೆ ಎರಡು ಮೂರು ಸಲ ಹೊರಡುವ ಕಾರಿನಲ್ಲಿ ವೀಲ್ ಸಿಲಿಂಡರ್ ತುಕ್ಕು ಹಿಡಿದು ಬ್ರೇಕ್ ಶೂ ಡ್ರಮ್ಮನ್ನು ಬಿಡುವುದೇ ಇಲ್ಲ. ಹಾಗಿದ್ದರೆ ಪಾಪ, ಎಂಜಿನ್ ಬ್ರೇಕನ್ನೇ ಎಳೆದುಕೊಂಡು ಘಾಟಿ ಹತ್ತುತ್ತಿದೆ.

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಈ ಎಂಜಿನ್ನಿನ ವಿನ್ಯಾಸದಲ್ಲೇ ಒಂದು ಕಾರಣವಿದೆ. ನಿಮ್ಮ ಕಾರಿನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಇದರಲ್ಲಿ ಪೆಟ್ರೋಲ್ ಒಳಗೆ ಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಝಳ ನೇರವಾಗಿ ಕಾರ್ಬ್ಯುರೇಟರ್‌ಗೆ ಹೊಡೆಯುತ್ತದೆ. ಗಾಡಿ ಓಡುವಾಗ ಗಾಳಿ ಇರುತ್ತದೆ, ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕುದಿಯುತ್ತದೆ. ನಡುವೆ ಒಂದು ತಗಡಿನ ತಡೆ ಇರಬೇಕು. ಎಷ್ಟೋ ಕಾರುಗಳಲ್ಲಿ ಅದು ಯಾವಾಗಲೋ ಕಳೆದುಹೋಗಿರುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ಕಂಡೆನ್ಸರ್ ಕೂಡ ಬಿಸಿಯಲ್ಲಿ ಕೈಕೊಡುತ್ತವೆ. ಹಾಗಾಗಿ ಸ್ಟಾರ್ಟ್ ಆಗದಿರುವಾಗಲೇ ಒಂದು ಪ್ಲಗ್ ಬಿಚ್ಚಿ ಕಿಡಿ ನೋಡಿ. ಕಿಡಿ ಇದ್ದರೆ ಪೆಟ್ರೋಲ್ ಕಡೆ ಹುಡುಕಿ, ಇಲ್ಲದಿದ್ದರೆ ಕರೆಂಟ್ ಕಡೆ.

ಇದಕ್ಕೆ ಈಗ ಎಥನಾಲ್ ಸೇರಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನೂ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ ಮೆತ್ತಗೆ ಮಾಡುತ್ತದೆ. ಅದು ನೀರು ಹೀರುತ್ತದೆ, ಹಾಗಾಗಿ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ. ಎಥನಾಲ್ ತಾಳುವ ಪೈಪ್, ಹೊಸ ಡಯಾಫ್ರಾಮ್, ಕಾರ್ಬ್ಯುರೇಟರ್‌ಗೆ ಒಂದು ಸೈಜ್ ದೊಡ್ಡ ಜೆಟ್, ಇಷ್ಟು ಮಾಡಿಸಿ. ತೀರಾ ಸಣ್ಣ ಖರ್ಚು. ಹಳೇ ಎಂಜಿನ್ ಇಂದಿನ ಪೆಟ್ರೋಲ್‌ಗೆ ಆಗಲ್ಲ ಎನ್ನುವ ಮಾತಿಗೆ ಇಷ್ಟೇ ಮದ್ದು.

ಇಷ್ಟೆಲ್ಲ ಮಾಡಿದ ಮೇಲೂ ರಿಂಗ್ ಸವೆದಿದೆ ಎಂದಾದರೆ ಎಂಜಿನ್ ಬಿಚ್ಚಿ. ಇಲ್ಲಿಯೇ ಕೆಲಸ ಕೆಡುವುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

“ಹಾಫ್ ಎಂಜಿನ್ ಮಾಡಿಬಿಡೋಣ, ರಿಂಗ್ ಬದಲಾಯಿಸಿದರೆ ಸಾಕು” ಎಂದು ಯಾರಾದರೂ ಹೇಳಿದರೆ, ಹೆಡ್ ಬಿಚ್ಚಿದ ಮೇಲೆ ನೀವೇ ಬೋರ್‌ನ ಮೇಲಂಚಿಗೆ ಉಗುರು ತಾಗಿಸಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ರಿಂಗ್ ಮುಟ್ಟದ ಜಾಗದಲ್ಲಿ ಕಬ್ಬಿಣ ಸವೆದಿರುವುದಿಲ್ಲ, ಅದರ ಕೆಳಗೆ ಸವೆದಿರುತ್ತದೆ. ಉಗುರು ಟಕ್ಕೆಂದು ತಡೆದರೆ ಬೋರ್ ಸವೆದು ಅಂಡಾಕಾರವಾಗಿದೆ. ಗುಂಡಗಿನ ಹೊಸ ರಿಂಗ್ ಆ ಬೋರ್‌ನಲ್ಲಿ ಕೂರುವುದಿಲ್ಲ. ಕೆಲವು ತಿಂಗಳಲ್ಲಿ ಹೊಗೆ ವಾಪಸ್, ಆಮೇಲೆ “ಈ ಹಳೇ ಎಂಜಿನ್ನೇ ಇಷ್ಟು ಸಾರ್” ಎಂಬ ರಾಗ. ಹಳೆಯ ಎಂಜಿನ್‌ಗೆ ಕೆಟ್ಟ ಹೆಸರು ಬಂದದ್ದರಲ್ಲಿ ದೊಡ್ಡ ಪಾಲು ಇಂಥ ಅರೆಬರೆ ಕೆಲಸದ್ದು.

ಈ ಎಂಜಿನ್ನಿನ ಮೂಲ ಬೋರ್ 73.025 ಮಿ.ಮೀ., ಅಂದರೆ 2.875 ಇಂಚು. ಸ್ಟ್ರೋಕ್ 88.9 ಮಿ.ಮೀ. ಪಿಸ್ಟನ್ ತಲೆ ಮೇಲೆ 020, 030 ಅಥವಾ 040 ಎಂದು ಕೊರೆದಿದ್ದರೆ ಹಿಂದೆಯೇ ಅಷ್ಟು ಥೌ ಬೋರ್ ಆಗಿದೆ, ಅಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ. 040 ಆಗಿಹೋಗಿದ್ದರೂ ಕೈಚೆಲ್ಲಬೇಕಾಗಿಲ್ಲ. ಸ್ಲೀವ್ (ಬೋರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ ತರಬಹುದು. ಬ್ಲಾಕ್ ಎರಕದ ಕಬ್ಬಿಣದ್ದು, ತಾಳುತ್ತದೆ. ಆದರೆ ಒಂದು ಕ್ರಮ ತಪ್ಪಬೇಡಿ: ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಬೋರ್ ಮಾಡಿಸಿ. ಲೇತಿನವರು ಕೈಯಲ್ಲಿರುವ ಪಿಸ್ಟನ್ ಅಳೆದು, ಒಂದೊಂದಕ್ಕೂ ತಕ್ಕ ಸಂದು ಬಿಟ್ಟು ಬೋರ್ ಮಾಡಬೇಕು. ಬೋರ್ ಮುಗಿಸಿ ಪಿಸ್ಟನ್ ಹುಡುಕಲು ಹೊರಟರೆ ಸಿಕ್ಕಿದ್ದನ್ನು ತುರುಕುವುದೇ ಗತಿ.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ನಿಂತಿರುವುದು ಮೂರೇ ಮೇನ್ ಬೇರಿಂಗ್ ಮೇಲೆ. ಅದಕ್ಕೇ ಗ್ರೈಂಡಿಂಗ್ ಮಾಡಿಸುವ ಮೊದಲು ಬಿರುಕು ಪರೀಕ್ಷೆ ಮಾಡಿಸಿ, ಆಮೇಲೆ ಫ್ಲೈವೀಲ್ ಜೊತೆ ಬ್ಯಾಲೆನ್ಸ್ ಮಾಡಿಸಿ. ಕ್ರ್ಯಾಂಕ್ ಮತ್ತು ಬ್ಲಾಕ್‌ನ ಆಯಿಲ್ ದಾರಿಗಳ ಪ್ಲಗ್ ಬಿಚ್ಚಿ ಬ್ರಶ್ ಹಾಕಿ ತೊಳೆಯದಿದ್ದರೆ ಗ್ರೈಂಡಿಂಗ್ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ತಿನ್ನುತ್ತದೆ. ಕ್ಯಾಮ್‌ಶಾಫ್ಟ್ (ವಾಲ್ವ್ ಎತ್ತುವ ದಂಡ) ಹೊಸದಾದರೆ ಅದರ ಮೇಲೆ ಕೂರುವ ಫಾಲೋವರ್‌ಗಳೂ ಹೊಸದಾಗಲೇಬೇಕು. ಟೈಮಿಂಗ್ ಚೈನ್, ಆಯಿಲ್ ಪಂಪ್ ಉಳಿಸಲು ಹೋಗಬೇಡಿ.

ಹೆಡ್‌ನಲ್ಲಿ ಒಂದು ಕೆಲಸ ಮರೆಯುವಂತಿಲ್ಲ. ನಿಮ್ಮ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲ್ ಕಾಲದಲ್ಲಿ. ವಾಲ್ವ್ ಬಡಿಯುವ ಜಾಗವನ್ನು ಸೀಸವೇ ಕಾಯುತ್ತಿತ್ತು. 2000ದಲ್ಲಿ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಅಂದಿನಿಂದ ಎಕ್ಸಾಸ್ಟ್ ವಾಲ್ವ್ ಕಬ್ಬಿಣದೊಳಗೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ, ಟಪೆಟ್ ಸಂದು (ವಾಲ್ವ್ ತುದಿಯಲ್ಲಿ ಬಿಡುವ ಸಣ್ಣ ಜಾಗ) ತಾನಾಗಿ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ಕಡೆ ಗಟ್ಟಿ ಉಕ್ಕಿನ ಸೀಟ್ ಕೂರಿಸಿದರೆ ಈ ತಂಟೆ ಮುಗಿಯಿತು.

ಸಾಮಾನು ಸಿಗುತ್ತದಾ? ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಕೇಳಿ. ಕೋಲ್ಕತ್ತಾದ ಮಲ್ಲಿಕ್ ಬಜಾರ್ ಇದೆ. ಇದೇ 1489 ಸಿಸಿ ಬಿ-ಸೀರೀಸ್ ಎಂಜಿನ್ ಬ್ರಿಟನ್ನಿನ ಎಂಜಿಎ 1500 ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಆ ಕಾರಿನ ಅಭಿಮಾನಿಗಳಿಂದಾಗಿ ಬ್ರಿಟನ್ನಿನಲ್ಲಿ ಗ್ಯಾಸ್ಕೆಟ್, ಬೇರಿಂಗ್ ಮುಂತಾದವನ್ನು ಇವತ್ತಿಗೂ ಮಾರುತ್ತಾರೆ. ತರಿಸುವ ಮುಂಚೆ ಹಳೆಯ ಭಾಗವನ್ನು ಅಳೆದು ಹೋಲಿಸಿ, ಎಲ್ಲವೂ ಇದ್ದಂತೆ ಕೂರುತ್ತವೆ ಎಂದುಕೊಳ್ಳಬೇಡಿ. ಅಂದಾಜು ಕೇಳುವಾಗ ಲೇತ್ ಕೆಲಸ, ಸಾಮಾನು, ಕೂಲಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟಿಗೆ ಒಂದೇ ಮೊತ್ತ ಹೇಳುವ ಕಡೆ ಸಾಮಾನಿನ ಗುಣಮಟ್ಟದಲ್ಲೇ ಉಳಿತಾಯ ಆಗುತ್ತದೆ.

ಕೆಲಸ ಮುಗಿದ ಮೇಲೂ ಕ್ಲಚ್ ಕೆಳಗೆ ಒಂದೆರಡು ಹನಿ ಆಯಿಲ್ ಬಿದ್ದರೆ ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗಬೇಡಿ. ಈ ಎಂಜಿನ್ನಿನ ಕ್ರ್ಯಾಂಕ್ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಸುರುಳಿ ಗೀರೊಂದು ತಿರುಗುತ್ತಾ ಆಯಿಲನ್ನು ಒಳಗೆ ತಳ್ಳುತ್ತದೆ, ಅಷ್ಟೇ. ನಿಂತಾಗ ಹನಿಯುವುದು ಅದರ ಹುಟ್ಟುಗುಣ.

ಈಗ ಇಸುಜು ಮಾತು. ಬೇರೆ ಎಂಜಿನ್ ಹಾಕಲೇಬೇಕು ಎಂದರೆ ನಾನು ಒಪ್ಪುವುದು ಇದೊಂದನ್ನೇ, ಅದೂ ಪೆಟ್ರೋಲ್. ಹಿಂದುಸ್ತಾನ್ ಮೋಟರ್ಸ್ ತಾನೇ 1990ರ ದಶಕದಲ್ಲಿ ಅಂಬಾಸಿಡರ್‌ಗೆ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ನನ್ನು ಐದು ಗೇರಿನ ಗೇರ್‌ಬಾಕ್ಸ್ ಜೊತೆ ಕೂರಿಸಿ ಮಾರಿತು. 2014ರಲ್ಲಿ ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ನಿಲ್ಲಿಸಿತು, ಆದರೆ ಗುಜರಿಗೆ ಬಂದ ಆ ಕಾರುಗಳಿಂದ ಮೌಂಟಿಂಗ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಒಂದೇ ಸೆಟ್ ಆಗಿ ಹುಡುಕಬಹುದು. ನಿಮ್ಮ ಎಂಜಿನ್ ಶಕ್ತಿ 50 ಅಶ್ವಶಕ್ತಿಯ ಆಸುಪಾಸು, ಅದರದ್ದು 75ರ ಆಸುಪಾಸು. ಹೈವೇಯಲ್ಲಿ 80ರ ವೇಗಕ್ಕೆ ಕೂಗಾಟ ಇರುವುದಿಲ್ಲ. ಓಡಿಸಲು ನಿಜಕ್ಕೂ ಹಿತ, ಇದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಮಾರ್ಕ್ 3ರಲ್ಲಿ ಗೇರ್ ಇರುವುದು ಸ್ಟಿಯರಿಂಗ್ ಪಕ್ಕದಲ್ಲಿ. ಇಸುಜು ಗೇರ್ ನೆಲದಿಂದ ಬರುತ್ತದೆ. ಅಂದರೆ ನೆಲ ಕತ್ತರಿಸಬೇಕು, ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಕೂರುವ ಸುಖ ಹೋಗುತ್ತದೆ. ಶಕ್ತಿ ಒಂದೂವರೆ ಪಟ್ಟಾದರೂ ಬ್ರೇಕ್ ಅದೇ ಹಳೇ ಡ್ರಮ್. ಶಿರಾಡಿ ಹತ್ತುವಾಗ ಹೊಸ ಎಂಜಿನ್ ಖುಷಿ ಕೊಡುತ್ತದೆ, ಗುಂಡ್ಯದ ಕಡೆ ಇಳಿಯುವಾಗ ಎದೆ ಢವಗುಟ್ಟುತ್ತದೆ. ಹಾಗಾಗಿ ಬ್ರೇಕ್ ಬೂಸ್ಟರ್, ಮುಂದೆ ಡಿಸ್ಕ್ ಬ್ರೇಕ್ ಖರ್ಚನ್ನೂ ಎಂಜಿನ್ ಖರ್ಚಿನಲ್ಲೇ ಸೇರಿಸಿ ಲೆಕ್ಕ ಹಾಕಿ. ರೇಡಿಯೇಟರ್, ಸೈಲೆನ್ಸರ್, ಸ್ಪೀಡೋಮೀಟರ್ ಕೇಬಲ್ ಎಲ್ಲ ಇದರ ಬಾಲಕ್ಕೆ ಬರುತ್ತವೆ. “ಬರೀ ಎಂಜಿನ್ ಇಷ್ಟಕ್ಕೆ ಸಿಗುತ್ತೆ” ಅನ್ನುವುದು ಯಾವತ್ತೂ ಅರ್ಧ ಲೆಕ್ಕ.

ಮೆಟಡೋರ್ ಡೀಸೆಲ್ ಬೇಡವೇ ಬೇಡ. ಡೀಸೆಲ್ ಪೆಟ್ರೋಲ್‌ಗಿಂತ ತುಂಬಾ ಅಗ್ಗ ಇದ್ದ ಕಾಲದಲ್ಲಿ, ದಿನವಿಡೀ ಬಾಡಿಗೆ ಓಡಿಸುವವರಿಗೆ ಅದರಲ್ಲಿ ಅರ್ಥವಿತ್ತು. ನಿಮ್ಮ ಓಡಾಟಕ್ಕೆ ಇಂಧನದ ಉಳಿತಾಯ ಕಣ್ಣಿಗೂ ಕಾಣುವುದಿಲ್ಲ. ಭಾರದ ಎಂಜಿನ್ ಮುಂದೆ ಕೂತರೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಕುಸಿಯುತ್ತದೆ, ಸ್ಟಿಯರಿಂಗ್ ಗಡುಸಾಗುತ್ತದೆ, ಅದುರುವಿಕೆಗೆ ಬಾಡಿಯ ವೆಲ್ಡಿಂಗ್ ಬಿಡುತ್ತದೆ. ನಾನು ನೋಡಿದ ಇಂಥ ಒಂದು ಕಾರಿನಲ್ಲಿ ಸಂಪ್ (ಕೆಳಗಿನ ಆಯಿಲ್ ತಟ್ಟೆ) ಅಡ್ಡ ಬರುತ್ತದೆಂದು ಮುಂದಿನ ಕ್ರಾಸ್ ಮೆಂಬರನ್ನೇ ಗ್ಯಾಸ್ ಕಟ್ಟರ್‌ನಲ್ಲಿ ಕೊಯ್ದಿದ್ದರು. ಕಾರಿನ ಮುಂಭಾಗದ ಭಾರ ಹೊರುವ ಭಾಗ ಅದು! ಅದನ್ನು ಹಿಂದಿನ ಸ್ಥಿತಿಗೆ ತರುವುದು ಎಂಜಿನ್ ಬೋರ್ ಮಾಡಿಸುವುದಕ್ಕಿಂತ ದೊಡ್ಡ ಕೆಲಸ.

ಮಗನಿಗೆ ಹೇಳಿ, ಸ್ವಿಫ್ಟ್ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ನಿಮ್ಮ ಕಾರಿನಲ್ಲಿ ಎಂಜಿನ್ ಉದ್ದುದ್ದ, ಓಡುವುದು ಹಿಂದಿನ ಚಕ್ರ. ಗೇರ್‌ಬಾಕ್ಸೇ ಹೊಂದುವುದಿಲ್ಲ. ಅದರ ಮೇಲೆ ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ಸೆನ್ಸರ್‌ಗಳು, ಟ್ಯಾಂಕಿನೊಳಗಿನ ಪಂಪು, ವೈರಿಂಗ್ ಜಡೆ. ಆಗುವುದೇ ಇಲ್ಲ ಎಂದಲ್ಲ. ಆದರೆ ದಾರಿಯಲ್ಲಿ ಕೆಟ್ಟು ನಿಂತರೆ ಸಕಲೇಶಪುರದ ಮೆಕ್ಯಾನಿಕ್‌ಗೂ ಗೊತ್ತಾಗಲ್ಲ, ಮಾರುತಿ ಸರ್ವಿಸ್‌ನವರೂ ಮುಟ್ಟಲ್ಲ.

ಕಾನೂನಿನ ಮಾತನ್ನು ಮೆಕ್ಯಾನಿಕ್‌ಗಳು ಹಾರಿಸುತ್ತಾರೆ, “ನಮ್ಮವರೊಬ್ಬರು ಆರ್‌ಟಿಒದಲ್ಲಿದ್ದಾರೆ” ಎಂದು ಮುಗಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಕೆಟ್ಟ ಎಂಜಿನ್ ಬದಲು ಅದೇ ಬಗೆಯ, ಅದೇ ಇಂಧನದ ಎಂಜಿನ್ ಹಾಕಲು ಆರ್‌ಟಿಒ ಅನುಮತಿ ಪಡೆದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸುವುದು ಬೇರೆ ಮಾತು. ಇಸುಜು ಅದೇ ಕಂಪನಿ ಕೂರಿಸಿದ್ದೇ ಆದರೂ ನಿಮ್ಮ 1978ರ ಕಾರಿಗೆ ಕೊಟ್ಟದ್ದಲ್ಲ, ಸಿಸಿ ಬದಲಾಗುತ್ತದೆ. ಹಾಗಾಗಿ ಎಂಜಿನ್ ಕೊಳ್ಳುವ ಮೊದಲೇ ಲಿಖಿತ ಅನುಮತಿ ಕೇಳಿ. ಬಾಯಿಮಾತು ಸಾಲದು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋದಾಗ ನಂಬರ್ ನೋಡುತ್ತಾರೆ. ಅಪಘಾತವಾದರೆ ವಿಮೆಯವರೂ ನೋಡುತ್ತಾರೆ.

ಇನ್ನೊಂದು ವಿಷಯ ನಿಮಗೆ ಹತ್ತಿರದಲ್ಲೇ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದ ವಾಹನಕ್ಕೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ನಿಯಮ ಬಂದಾಗ ನಿಗದಿಯಾದ ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಿಮ್ಮ ಕಾರಿಗೆ 2028ರಲ್ಲಿ 50 ತುಂಬುತ್ತದೆ. ಅಂಥ ನೋಂದಣಿಯಾದ ಕಾರನ್ನು ರ‍್ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಧರ್ಮಸ್ಥಳಕ್ಕೆ ಹೋಗಿಬರುವ ನಿಮಗೆ ಈಗಿನ ನೋಂದಣಿಯೇ ಅನುಕೂಲ. ಆದರೆ ಮುಂದೆ ಮಗ ಅದನ್ನು ಕೇಳಿದರೆ ಬಾಗಿಲು ತೆರೆದಿರಲಿ, ಅಲ್ವಾ? ಇಸುಜು ಹಾಕಿದ ದಿನ ಅದು ಮುಚ್ಚುತ್ತದೆ.

ಹೊಸ ಕಾಲದ ಸವಲತ್ತು ಬೇಡವೇ ಬೇಡ ಎಂಬ ಹಠ ನನ್ನದಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೇ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಪಾಯಿಂಟ್ (ಕಿಡಿಗೆ ಕರೆಂಟ್ ಕಡಿಯುವ ಸ್ವಿಚ್ಚು) ಕಾಟ ತಪ್ಪುತ್ತದೆ. ರೇಡಿಯಲ್ ಟೈರ್, ರೇಡಿಯೇಟರ್ ಮುಂದೆ ಸಣ್ಣ ಎಲೆಕ್ಟ್ರಿಕ್ ಫ್ಯಾನ್, ಬ್ರೇಕ್ ಬೂಸ್ಟರ್, ಇವೆಲ್ಲ ಸರಿ. ಬೋಲ್ಟ್ ಬಿಚ್ಚಿದರೆ ಕಾರು ಮೊದಲಿನಂತೆ ಆಗಬೇಕು, ಅಷ್ಟೇ ನನ್ನ ಷರತ್ತು.

ಹೊಸದಾಗಿ ಕಟ್ಟಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ, ಕ್ಯಾಮ್ ಹೊಸದಿದ್ದರೆ, ಐಡಲ್‌ನಲ್ಲಿ ಬಿಡಬೇಡಿ. ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಆಸುಪಾಸು ಹಿಡಿದಿಡಿ. ಆಯಿಲ್ ದುಬಾರಿ ಸಿಂಥೆಟಿಕ್ ಬೇಡ, ಒಳ್ಳೆಯ 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕಿ. ಮೊದಲ 800 ಕಿ.ಮೀ. ಒಂದೇ ವೇಗದಲ್ಲಿ ಎಳೆಯಬೇಡಿ, ಘಾಟಿಗೂ ಹೋಗಬೇಡಿ. ಆಮೇಲೆ ಹೆಡ್ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ, ಟಪೆಟ್ ನೋಡಿಸಿ, ಆಯಿಲ್ ಬದಲಾಯಿಸಿ.

ನಿಮ್ಮ ಕೊನೆಯ ಪ್ರಶ್ನೆ, ಹಳೆಯ ಎಂಜಿನ್ ಮಾರಬಹುದಾ ಎನ್ನುವುದು. ನನ್ನ ಮಾತು ಕೇಳದೆ ಇಸುಜುವನ್ನೇ ಹಾಕಿಸಿದರೂ ಅದನ್ನು ಮಾರಬೇಡಿ. ಗುಜರಿಯಲ್ಲಿ ಅದಕ್ಕೆ ಸಿಗುವುದು ಕಬ್ಬಿಣದ ತೂಕದ ದುಡ್ಡು. ನಿಮ್ಮ ಆರ್‌ಸಿಯ ನಂಬರ್ ಇರುವ ಬ್ಲಾಕ್ ಬೇರೆಲ್ಲೂ ಸಿಗುವುದಿಲ್ಲ. ನೀರು ಪೂರ್ತಿ ಬಸಿದು, ಪ್ಲಗ್ ತೂತುಗಳಿಗೆ ಒಂದಿಷ್ಟು ಆಯಿಲ್ ಬಿಟ್ಟು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಎಲ್ಲ ತೂತು ಮುಚ್ಚಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಮಳೆಗಾಲ ಶುರುವಾಗುವ ಮುಂಚೆ ಮತ್ತೊಮ್ಮೆ ತಿರುಗಿಸಿ.